ಸ್ನೋ ಮತ್ತು ಸ್ನೇಹ

ನಮ್ಮ ಗುತ್ತಲದ ಎರಿ ಹೊಲಗಳ ಮೇಲೆ ಹಿಮ ಬೀಳುವುದಿಲ್ಲ. ಆದರೂ ‘ಸ್ನೋ’ ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಸ್ನೋ-ಪೌಡರ್ ಎಂದರೆ ಹೆಣ್ಣುಮಕ್ಕಳ ಸಿಂಗಾರದ ಸಾಮಾನು. ಮುಖಕ್ಕೆ ಹಚ್ಚುವ ಬಿಳಿ ಕ್ರೀಮಿಗೆ ಹಿಮದ ಹೆಸರಿಟ್ಟು ಮಾರಿದರು. ಮುಂಬಯಿಯ ಪಾಟನ್‌ವಾಲಾ ಅವರ ‘ಅಫ್ಘಾನ್ ಸ್ನೋ’ ಮನೆಮಾತಾಯಿತು. ಬಿಳಿಯ ಮೋಹ ಅದಕ್ಕೂ ಮೊದಲೇ ಇತ್ತಲ್ಲ ಎನ್ನುವಿರಿ. ಇತ್ತು. ಆದರೆ ಡಬ್ಬಿ ಬಂದು ಅದಕ್ಕೊಂದು ಬೆಲೆಚೀಟಿ ಅಂಟಿಸಿತು.

ಈ ಶಬ್ದದ ಮನೆತನವನ್ನು ಸ್ವಲ್ಪ ವಿಚಾರಿಸೋಣ. ಇಂಗ್ಲಿಷಿನ ‘ಸ್ನೋ’, ಜರ್ಮನ್ನರ ‘ಶ್ನೇ’, ಸ್ವೀಡನ್ನಿನ ‘ಸ್ನ್ಯೋ’ ಒಂದೇ ತಾಯಿಯ ಮಕ್ಕಳು. ಪ್ರಾಚೀನ ಜರ್ಮಾನಿಕ್ ಭಾಷೆಯ ‘ಸ್ನೈವಜ್’ ಆ ತಾಯಿ. ರಷ್ಯನ್ ‘ಸ್ನೆಗ್’ ಅದರ ದಾಯಾದಿ. ಇನ್ನೂ ಹಿಂದೆ ಹೋದರೆ ಸಂಸ್ಕೃತದ ‘ಸ್ನಿಹ್’ ಧಾತುವೂ ಇದೇ ಬಳಗದ್ದೆಂದು ಅನೇಕ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸ್ನಿಹ್ ಎಂದರೆ ಅಂಟಿಕೊಳ್ಳುವುದು, ಜಿಡ್ಡಾಗುವುದು, ಪ್ರೀತಿಸುವುದು. ಅದರಿಂದಲೇ ‘ಸ್ನೇಹ’. ಎಣ್ಣೆಗೂ ಅದೇ ಹೆಸರು, ಅಂತಃಕರಣಕ್ಕೂ ಅದೇ. ನಮ್ಮ ವ್ಯಾಕರಣದ ತದ್ಭವಗಳ ಪಾಠದಲ್ಲಿ ಮಕ್ಕಳು ಕಲಿಯುವ ‘ನೇಹ’ ಇದರ ಮಗಳು.

ಅಂದರೆ ನೋಡಿರಿ, ಒಂದೇ ಬಳಗದ ಎರಡು ಮಾತು ನಮ್ಮ ಮನೆಯಲ್ಲಿವೆ. ನಾವು ಮಗಳ ಕೆನ್ನೆಗೆ ಸ್ನೋ ಹಚ್ಚಿದೆವು, ಸ್ನೇಹ ಹಚ್ಚುವುದನ್ನು ಮರೆತೆವು. ಎರಿ ಮಣ್ಣು ಕಪ್ಪಗಿದ್ದಷ್ಟೂ ಚಲೋ ಎಂದು ಹತ್ತಿ, ಜೋಳ ಬಿತ್ತುವ ನಾವೇ, ಹೊಟ್ಟೆಯಲ್ಲಿ ಹುಟ್ಟಿದ ಕೂಸಿನ ಬಣ್ಣ ನೋಡಿ ನಿಟ್ಟುಸಿರು ಬಿಡುತ್ತೇವೆ. ಶಾಲೆಯ ಗ್ರೂಪ್ ಫೋಟೋಕ್ಕೆ ನಿಲ್ಲಿಸಿದರೆ ಜಾಣ ಹುಡುಗಿ ತಾನಾಗಿಯೇ ಹಿಂದಿನ ಸಾಲಿಗೆ ಸರಿಯುತ್ತಾಳೆ. ಆಕೆಯನ್ನು ಅಲ್ಲಿಗೆ ದೂಡಿದವರು ಯಾರು? ‘ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀ’ ಎಂದ ಅಜ್ಜಿ, ಅತ್ತಿ, ಅವ್ವ—ನಾವೇ ಹೆಂಗಸರು.

1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಕಂಪನಿ ‘ಫೇರ್’ ಎಂಬ ಮಾತನ್ನಾದರೂ ಬಿಟ್ಟಿತು. ಕನ್ಯೆ ನೋಡಲು ಬಂದವರು ‘ಬಣ್ಣ ಸ್ವಲ್ಪ ಕಡಿಮೆ’ ಎನ್ನುವುದನ್ನು ಇನ್ನೂ ಬಿಟ್ಟಿಲ್ಲ. ಬಣ್ಣವೇನು ರೇಷನ್ ಅಕ್ಕಿಯೇ, ಕಡಿಮೆ ಬೀಳಲು?

ತಾಯಂದಿರೇ, ಆ ಮಾತು ಕೇಳಿದಾಗ ತಲೆ ತಗ್ಗಿಸಬೇಡಿರಿ. ವರದಕ್ಷಿಣೆ ಎರಡು ತೊಲ ಏರಿಸಿ ಸರಿದೂಗಿಸಲೂ ಬೇಡಿರಿ. ‘ಚಹಾ ಕುಡಿದು ಹೊರಡಿರಿ’ ಎನ್ನಿರಿ. ಒಳಗೆ ಬಾಗಿಲ ಮರೆಯಲ್ಲಿ ನಿಂತ ಮಗಳು ಅದನ್ನು ಕೇಳಿಸಿಕೊಳ್ಳಲಿ.