ವೇತನ ಏರಿದರೆ ಕಳಚುವ ಇಎಸ್‌ಐ ಆಸರೆ

ಬೆಂಗಳೂರು: ವೇತನ ಹೆಚ್ಚಳವೆಂದರೆ ಕಾರ್ಮಿಕರ ಮನೆಯಲ್ಲಿ ಹಬ್ಬ. ಆದರೆ ತಿಂಗಳ ವೇತನ 21 ಸಾವಿರ ರೂಪಾಯಿಯ ಅಂಚಿಗೆ ಬಂದು ನಿಂತಿರುವ ಕುಟುಂಬಗಳ ಪಾಲಿಗೆ ಅದು ಆತಂಕದ ಸುದ್ದಿಯೂ ಹೌದು. ಆ ಗೆರೆ ದಾಟಿದ ಕಾರ್ಮಿಕರು ನೌಕರರ ರಾಜ್ಯ ವಿಮಾ (ಇಎಸ್‌ಐ) ಯೋಜನೆಯಿಂದ ಹೊರಬೀಳುತ್ತಾರೆ. ಅವರೊಂದಿಗೆ ಪತ್ನಿ ಅಥವಾ ಪತಿ, ಮಕ್ಕಳು, ಅವಲಂಬಿತ ತಂದೆ-ತಾಯಿಯೂ ಹೊರಬೀಳುತ್ತಾರೆ.

ಪೀಣ್ಯದ ಘಟಕವೊಂದರಲ್ಲಿ ದುಡಿಯುವ ಲೇತ್ ಚಾಲಕರೊಬ್ಬರ ವೇತನ 20,900 ರೂಪಾಯಿ ಇದ್ದು, 400 ರೂಪಾಯಿ ಏರಿತೆಂದು ಇಟ್ಟುಕೊಳ್ಳಬಹುದು. 2019ರ ಜುಲೈನಿಂದ ಕಾರ್ಮಿಕರ ವಂತಿಗೆ ಶೇ 0.75, ಮಾಲೀಕರದು ಶೇ 3.25. ಕಡಿತವಾಗುತ್ತಿದ್ದ 157 ರೂಪಾಯಿಯೂ ಉಳಿಯುವುದರಿಂದ ಅವರ ಕೈಗೆ ಹೆಚ್ಚುವರಿಯಾಗಿ ಬರುವುದು 557 ರೂಪಾಯಿ. ಮಾಲೀಕರಿಗೆ ಉಳಿಯುವ ಸುಮಾರು 680 ರೂಪಾಯಿ ಕಾರ್ಮಿಕರಿಗೇನೂ ಸಿಗುವುದಿಲ್ಲ. ಈ 557 ರೂಪಾಯಿಗೆ ಪ್ರತಿಯಾಗಿ ಕುಟುಂಬ ಬಿಟ್ಟುಕೊಡುವುದು, ವೆಚ್ಚಕ್ಕೆ ಗರಿಷ್ಠ ಮಿತಿಯೇ ಇಲ್ಲದ ಚಿಕಿತ್ಸೆಯನ್ನು. ಇಎಸ್‌ಐ ಆಸ್ಪತ್ರೆಗಳ ಸರತಿ ಸಾಲಿನ ಬಗ್ಗೆ ಗೊಣಗದ ಕಾರ್ಮಿಕರಿಲ್ಲ. ಆದರೂ ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಹಿಡಿದು ಹೃದಯ ಶಸ್ತ್ರಚಿಕಿತ್ಸೆಯವರೆಗೆ ಒಂದೇ ಕಾರ್ಡಿನಲ್ಲಿ ನಡೆಯುವ ಇಂತಹ ವ್ಯವಸ್ಥೆ ಅವರಿಗೆ ಬೇರೆಲ್ಲೂ ದೊರೆಯದು.

ದಿನಾಂಕದ ಆಟ

ಹೊರಬಿದ್ದ ಮರುದಿನವೇ ರಕ್ಷಣೆ ನಿಲ್ಲುವುದಿಲ್ಲ ಎಂಬುದು ಸಮಾಧಾನದ ಸಂಗತಿ. 1948ರ ಕಾಯ್ದೆಯಡಿ ರೂಢಿಗೆ ಬಂದ ಪದ್ಧತಿಯಲ್ಲಿ ವರ್ಷಕ್ಕೆ ಎರಡು ವಂತಿಗೆ ಅವಧಿಗಳಿವೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ 78 ದಿನಗಳ ವಂತಿಗೆ ಸಂದಾಯವಾಗಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಗೆ ಜುಲೈನಿಂದ ಡಿಸೆಂಬರ್‌ವರೆಗೆ. ವಂತಿಗೆ ಅವಧಿ ಆರಂಭವಾದ ಮೇಲೆ ವೇತನ ಮಿತಿ ಮೀರಿದರೆ ಆ ಅವಧಿ ಮುಗಿಯುವವರೆಗೂ ಅವರು ವಿಮಾದಾರರೇ.

ತೊಡಕಿರುವುದು ಇಲ್ಲಿಯೇ. ಮೇ 1ರಂದು ವೇತನ ಏರಿದವರು ಸೆಪ್ಟೆಂಬರ್‌ವರೆಗೆ ವಂತಿಗೆ ಕಟ್ಟಿ, ಮರುವರ್ಷದ ಜೂನ್ 30ರವರೆಗೆ ಚಿಕಿತ್ಸೆ ಪಡೆಯುತ್ತಾರೆ. ಏಪ್ರಿಲ್ 1ರಂದೇ ಏರಿದವರ ವಂತಿಗೆ ಮಾರ್ಚ್‌ಗೇ ನಿಲ್ಲುತ್ತದೆ. ರಕ್ಷಣೆ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಒಂದು ತಿಂಗಳ ಅಂತರಕ್ಕೆ ಆರು ತಿಂಗಳ ನಷ್ಟ. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪರಿಷ್ಕರಣೆಯಾಗುವುದು ಪ್ರತಿ ವರ್ಷ ಏಪ್ರಿಲ್ 1ರಿಂದ. ಅಂದರೆ ರಾಜ್ಯದ ಕಾರ್ಮಿಕರು ಗೆರೆ ದಾಟುವ ಸಾಧ್ಯತೆ ಹೆಚ್ಚಿರುವ ದಿನವೇ ಅವರಿಗೆ ಅತ್ಯಂತ ಪ್ರತಿಕೂಲವಾದ ದಿನ. (ಹೆಚ್ಚುವರಿ ಪಾಳಿಯ ಹಣ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ, ಅದಕ್ಕಾಗಿ ಓಟಿ ಬಿಡುವ ಅಗತ್ಯವಿಲ್ಲ.)

ಮುಂದಿನ ಮೆಟ್ಟಿಲೂ ಭದ್ರವಾಗಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆ ನೀಡುತ್ತದೆ. ಆದರೆ ಬಿಪಿಎಲ್ ಕಾರ್ಡಿನ ವಾರ್ಷಿಕ ಆದಾಯ ಮಿತಿ 1.20 ಲಕ್ಷ, ತಿಂಗಳಿಗೆ 21 ಸಾವಿರ ಪಡೆಯುವವರ ಆದಾಯ 2.52 ಲಕ್ಷ. ಎಪಿಎಲ್ ಕುಟುಂಬಗಳಿಗೆ ಯೋಜನೆ ಭರಿಸುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಉಳಿದ ಶೇ 70ಕ್ಕೆ ಸಾಲವೋ, ಒಡವೆಯೋ.

ಕೆಲಸ ಹೋದರೆ ಉಂಟು

ಕೆಲಸ ಕಳೆದುಕೊಂಡವರ ಬಗ್ಗೆ ಯೋಜನೆ ಚಿಂತಿಸಿದೆ. 2005ರ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ, 2018ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಗಳು ಅದಕ್ಕೆಂದೇ ಬಂದವು. ಐದು ವರ್ಷ ವಿಮಾದಾರರಾಗಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ಪತ್ನಿ ಅಥವಾ ಪತಿಯೊಂದಿಗೆ ಚಿಕಿತ್ಸೆ ಪಡೆಯಬಹುದು. ವೇತನ ಮಿತಿ ದಾಟಿ ಹೊರಬಿದ್ದು, ಬಳಿಕ ನಿವೃತ್ತರಾದವರಿಗೂ ಕೆಲವು ಷರತ್ತುಗಳೊಡನೆ ಈ ಅವಕಾಶ ನೀಡಲು ನಿಗಮ 2024ರ ಫೆಬ್ರುವರಿಯಲ್ಲಿ ಒಪ್ಪಿತು. ಗೆರೆ ದಾಟಿದವರಿಗೆ ಅನ್ಯಾಯವಾಗಿದೆ ಎಂದು ನಿಗಮವೇ ಒಪ್ಪಿಕೊಂಡಂತೆ. ಆದರೆ ಇನ್ನೂ ದುಡಿಯುತ್ತಿರುವವರಿಗೆ ಅಂತಹ ದಾರಿ ತೆರೆಯಲಿಲ್ಲ.

ಇದೇ ಸಮಸ್ಯೆಯನ್ನು ಅಮೆರಿಕ ಬಹಳ ಹಿಂದೆಯೇ ಎದುರಿಸಿತು. ದುಡಿಮೆಯ ಆದಾಯ ಏರಿ ಮೆಡಿಕೇಡ್ ಅರ್ಹತೆ ಕಳೆದುಕೊಳ್ಳುವ ಬಡ ಕುಟುಂಬಗಳು, ವಿಮೆ ಹೋಗುವ ಭಯದಿಂದ ಹೆಚ್ಚಿನ ಸಂಬಳದ ಕೆಲಸಕ್ಕೇ ಹಿಂಜರಿಯಬಾರದೆಂದು 1988ರ ಕಾನೂನು 12 ತಿಂಗಳವರೆಗೆ ರಕ್ಷಣೆ ಮುಂದುವರಿಸಿತು. ಅದು ಕಾಯಂ ಆದದ್ದು 2015ರಲ್ಲಿ. ಅಲ್ಲಿನ ಆರೋಗ್ಯ ವ್ಯವಸ್ಥೆಯೇನೂ ಅನುಕರಣೀಯವಲ್ಲ. ಆದರೆ ಆದಾಯ ಏರಿದ ದಿನದಿಂದ ತಿಂಗಳು ಎಣಿಸುವ ಆ ಲೆಕ್ಕ ನೇರವಾಗಿದೆ.

ಇಲ್ಲಿನ ಚರ್ಚೆಯೆಲ್ಲ ಮಿತಿಯ ಸುತ್ತಲೇ ಸುತ್ತುತ್ತಿದೆ. 2006ರಲ್ಲಿ 10 ಸಾವಿರ, 2010ರಲ್ಲಿ 15 ಸಾವಿರವಾದ ಮಿತಿ 2017ರ ಜನವರಿ 1ರಂದು 21 ಸಾವಿರಕ್ಕೆ ಬಂದು ನಿಂತಿತು. ಕಾರ್ಮಿಕ ಸಂಘಟನೆಗಳು 30 ಸಾವಿರಕ್ಕೆ ಏರಿಸಲು ಕೇಳಿವೆ. ಬೇಡಿಕೆ ನ್ಯಾಯವಾದುದೇ, ಒಂಬತ್ತು ವರ್ಷಗಳಲ್ಲಿ ಅಕ್ಕಿ, ಬಾಡಿಗೆ ಯಾವುದೂ ಇದ್ದಲ್ಲೇ ನಿಂತಿಲ್ಲ. ಆದರೆ ಗೆರೆ ಎಲ್ಲಿ ಎಳೆದರೂ ಅದರ ಅಂಚಿನಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಮಿತಿ ಏರಿಸುವುದರ ಜತೆಗೇ ದಾಟಿದವರಿಗೆ, ತಾರೀಖು ಯಾವುದೇ ಇರಲಿ, ಪೂರ್ತಿ ಒಂದು ವರ್ಷದ ರಕ್ಷಣೆ ಸಿಗಬೇಕು. ಬೇಕೆನಿಸಿದವರು ವಂತಿಗೆ ಕಟ್ಟಿ ಮುಂದುವರಿಯಲು ಅವಕಾಶವಿರಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ವೇತನ ಮಿತಿಯ ಅಂಕಿಯನ್ನು ಕೇಂದ್ರದ ಅಧಿಸೂಚನೆಗೆ ಬಿಟ್ಟಿದೆ. ಸಂಸತ್ತಿನ ತಿದ್ದುಪಡಿಗೆ ಕಾಯಬೇಕಾದ ನೆಪ ಇಲ್ಲ.

ಅಲ್ಲಿಯವರೆಗೆ ಕಾರ್ಮಿಕರು ನೆನಪಿಡಬೇಕಾದದ್ದು ಒಂದಿದೆ. ಏಪ್ರಿಲ್‌ನ ವೇತನ ಚೀಟಿಯಲ್ಲಿ ಇಎಸ್‌ಐ ಕಡಿತ ಕಾಣದಿದ್ದರೆ ಕಾರ್ಡು ಸತ್ತಿತೆಂದು ಭಾವಿಸುವುದು ಸಹಜ. ಹಿಂದಿನ ಆರು ತಿಂಗಳಲ್ಲಿ 78 ದಿನಗಳ ವಂತಿಗೆ ಇದ್ದರೆ ಅದು ಡಿಸೆಂಬರ್ ಕೊನೆಯವರೆಗೂ ನಡೆಯುತ್ತದೆ. ಮುಂದೂಡುತ್ತ ಬಂದ ಶಸ್ತ್ರಚಿಕಿತ್ಸೆ ಮನೆಯಲ್ಲಿ ಯಾರಿಗಾದರೂ ಇದ್ದರೆ, ಅದನ್ನು ಮಾಡಿಸಿಕೊಳ್ಳಲು ಇರುವ ಕಾಲ ಅಷ್ಟೇ.