ಗಾಳಿಯಂತ್ರಕ್ಕೆ ಸೌರಫಲಕದ ಲಗಾಮು ಬೇಡ

ಸೌರಫಲಕಕ್ಕೆಂದು ರೂಪಿಸಿದ ಚಾರ್ಜ್ ನಿಯಂತ್ರಕವನ್ನೇ ಪುಟ್ಟ ಗಾಳಿಯಂತ್ರಕ್ಕೂ ಜೋಡಿಸಿಕೊಡುವ ವ್ಯಾಪಾರ ಶುದ್ಧ ಹೊಣೆಗೇಡಿತನ. ಬ್ಯಾಟರಿ ತುಂಬಿದೊಡನೆ ಫಲಕದ ಸಂಪರ್ಕ ಕಡಿದರೆ ಅಪಾಯವಿಲ್ಲ. ಫಲಕ ಬಿಸಿಲಿನಲ್ಲಿ ಸುಮ್ಮನಿರುತ್ತದೆ. ಗಾಳಿಯಂತ್ರ ಹಾಗಲ್ಲ. ಹೊರೆ ಕಳಚಿದ ಗಳಿಗೆಯೇ ಅದು ಹಗ್ಗ ಹರಿದ ಹೋರಿಯಂತೆ ಓಡತೊಡಗುತ್ತದೆ. ವೋಲ್ಟೇಜ್ ಏರಿ ನಿಯಂತ್ರಕವೇ ಸುಡಬಹುದು, ರೆಕ್ಕೆ ಮುರಿದು ಹಾರಬಹುದು. ಗಾಳಿಯ ವೇಗ ಸೆಕೆಂಡಿಗೆ 4 ಮೀಟರಿನಿಂದ 8ಕ್ಕೇರಿದರೆ ಅದರಲ್ಲಿನ ಶಕ್ತಿ ಇಮ್ಮಡಿಯಲ್ಲ, ಎಂಟು ಮಡಿ.

ಇದಕ್ಕೆ ಮದ್ದು ಗುಟ್ಟಿನದೇನಲ್ಲ. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಸುಮಾರು 14.4 ವೋಲ್ಟ್ ಮುಟ್ಟಿದಾಗ ಹೆಚ್ಚುವರಿ ವಿದ್ಯುತ್ತನ್ನು ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸಬೇಕು; ಯಂತ್ರದ ಮೇಲಿನ ಹೊರೆ ಎಂದೂ ತಪ್ಪಬಾರದು. ಬಿರುಗಾಳಿಗೆ ಬಾಲ ಮಡಚಿ ಮುಖ ತಿರುಗಿಸುವ ಏರ್ಪಾಡೂ ಬೇಕು. ಸ್ಕಾಟ್ಲೆಂಡಿನ ಸ್ಕೋರೆಗ್‌ನಲ್ಲಿ ಹ್ಯೂ ಪಿಗಟ್ 1970ರ ದಶಕದಿಂದ ಕೈಯಾರೆ ಯಂತ್ರ ಕಟ್ಟಿ, ಈ ವಿದ್ಯೆಯನ್ನು ಜನರಿಗೆ ಕಲಿಸಿದ್ದಾರೆ.

ಗೋಪುರದ ಎತ್ತರವನ್ನೂ ಯಂತ್ರದ ಕಿಲೋವಾಟನ್ನೂ ಹೊಗಳಿ ಮಾರುವವರು ನಿಯಂತ್ರಕದ ಬಗೆಗೆ ಬಾಯಿ ಬಿಡುವುದಿಲ್ಲ. ಮುರಿದ ಯಂತ್ರವನ್ನು ಕಂಡ ಹಳ್ಳಿ ಗಾಳಿಯನ್ನೇ ನಂಬದಾಗುತ್ತದೆ. ತಪ್ಪು ಮಾರಿದವರದು, ಕೆಟ್ಟ ಹೆಸರು ಗಾಳಿಗೆ! ಕೊಳ್ಳುವವರು ಹಣ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಲಿ: ಬ್ಯಾಟರಿ ತುಂಬಿದ ಮೇಲೆ ವಿದ್ಯುತ್ತು ಎಲ್ಲಿಗೆ ಹೋಗುತ್ತದೆ?