ಅಂತಃಪುರದ ನಾಯಕನೂ ಸಾವಿರ ಅಕ್ಷರಗಳ ಬೆಲೆಯೂ

ಅನಾಥನೂ ದುರ್ಬಲನೂ ಆದ ಓರ್ವ ಯುವಕ. ಕುಲದವರಿಂದ ಅವಮಾನಿತನಾಗಿ ಹೊರದಬ್ಬಲ್ಪಟ್ಟ ಆತನಿಗೆ ಅಕಸ್ಮಾತ್ತಾಗಿ ದಿವ್ಯ ಶಕ್ತಿಯೊಂದು ಲಭಿಸುತ್ತದೆ. ಬಳಿಕ ಆತ ರಾಕ್ಷಸ ಲೋಕಕ್ಕೆ ನುಗ್ಗುತ್ತಾನೆ, ಕೊಲ್ಲುತ್ತಾನೆ, ಗೆಲ್ಲುತ್ತಾನೆ. ಪ್ರತಿ ಗೆಲುವಿನ ಬೆನ್ನಿಗೂ ಓರ್ವ ಸುಂದರಿ ಆತನ ಅಂತಃಪುರ ಸೇರುತ್ತಾಳೆ. ಚೀನಾದ ಅಂತರ್ಜಾಲ ಕಾದಂಬರಿಗಳ ಒಂದು ದೊಡ್ಡ ವರ್ಗದ ಕಥಾಸಾರ ಇಷ್ಟೇ. 2014ರ ಕೊನೆಯಲ್ಲಿ ವುಷಿಯಾವರ್ಲ್ಡ್ ಎಂಬ ತಾಣ ಆರಂಭವಾದ ಬಳಿಕ ಇವು ಇಂಗ್ಲಿಷಿಗೆ ಪ್ರವಾಹದಂತೆ ಹರಿದುಬಂದವು. 2017ರಲ್ಲಿ ಟೆನ್ಸೆಂಟ್ ಒಡೆತನದ ಚೈನಾ ಲಿಟರೇಚರ್ ಕಂಪೆನಿಯೇ ವೆಬ್‌ನಾವೆಲ್ ಮೂಲಕ ಈ ಮಾರುಕಟ್ಟೆಗೆ ಇಳಿಯಿತು. ಅದೇ ವರ್ಷ ಹಾಂಗ್‌ಕಾಂಗ್ ಶೇರುಪೇಟೆಯನ್ನೂ ಪ್ರವೇಶಿಸಿತು.

ಇದು ಕೇವಲ ಕಲ್ಪನೆ, ಮನೋರಂಜನೆ ಎಂದು ಸಮರ್ಥಿಸುವವರಿದ್ದಾರೆ. ಕಲ್ಪನೆಗೆ ನಾವು ವಿರೋಧಿಗಳಲ್ಲ. 1640ರಲ್ಲಿ ಹುಟ್ಟಿದ ಪು ಸೊಂಗ್‌ಲಿಂಗ್ ಕೂಡಾ ಪ್ರೇತಗಳ, ಹೆಣ್ಣಿನ ರೂಪ ತಾಳುವ ನರಿಗಳ ಕಥೆಗಳನ್ನೇ ಬರೆದ. ಸರಕಾರಿ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸೋತ ಆ ಬಡ ಪಂಡಿತನ ಕಥೆಗಳಲ್ಲಿ ಪ್ರೇತವು ಹಲವೊಮ್ಮೆ ಮನುಷ್ಯನಿಗಿಂತ ಕರುಣಾಳು. ಭ್ರಷ್ಟ ಅಧಿಕಾರಿಯೇ ನಿಜವಾದ ಪಿಶಾಚಿ. ಅಲ್ಲಿ ಕಲ್ಪನೆಯು ಬಲಾಢ್ಯರನ್ನು ಪ್ರಶ್ನಿಸುವ ಆಯುಧವಾಗಿತ್ತು. ಇಲ್ಲಿ? ‘ರಾಕ್ಷಸ’ ಎಂಬುದು ಇಲ್ಲೊಂದು ಹಣೆಪಟ್ಟಿ. ಅದನ್ನು ಅಂಟಿಸಿದರೆ ಸಾಕು, ಒಂದು ಜನಾಂಗದ ಕೊಲೆ ಶೌರ್ಯವೆನಿಸುತ್ತದೆ, ಆ ಜನಾಂಗದ ಹೆಣ್ಣು ಗೆದ್ದವನ ಸೊತ್ತಾಗುತ್ತಾಳೆ.

ಅಂತಹ ನಾಯಕ ಚೀನೀ ಸಾಹಿತ್ಯಕ್ಕೆ ಹೊಸಬನಲ್ಲ ಎಂಬ ವಾದವೂ ಇದೆ. ಜಿನ್ ಯೋಂಗ್ 1969ರಿಂದ 1972ರವರೆಗೆ ಧಾರಾವಾಹಿಯಾಗಿ ಬರೆದ ಕೊನೆಯ ಕಾದಂಬರಿಯ ನಾಯಕನಿಗೆ ಏಳು ಪತ್ನಿಯರು, ನಿಜ. ಆದರೆ ಆತ ವೇಶ್ಯಾಗೃಹದಲ್ಲಿ ಹುಟ್ಟಿದ, ಓದುಬರಹ ಅರಿಯದ ಪುಂಡ. ವೀರರ ಕಥೆಗಳನ್ನೇ ಅಣಕಿಸುವ ಪಾತ್ರ. ಇಂದಿನವರು ಅಣಕವನ್ನು ಕೈಬಿಟ್ಟು ಪತ್ನಿಯರನ್ನಷ್ಟೇ ಉಳಿಸಿಕೊಂಡರು. ಉಪಪತ್ನಿ ಪದ್ಧತಿಯನ್ನು 1950ರ ವಿವಾಹ ಕಾನೂನಿನಲ್ಲೇ ನಿಷೇಧಿಸಿದ ದೇಶವದು. ಕಾನೂನು ಮನೆಯಿಂದ ಹೊರಹಾಕಿದ್ದನ್ನು ಮಾರುಕಟ್ಟೆಯು ಮೊಬೈಲಿನ ಮೂಲಕ ಮರಳಿ ತಂದಿದೆ.

ಈ ಮಾರುಕಟ್ಟೆಯ ಲೆಕ್ಕಾಚಾರವನ್ನು ಅರಿಯಬೇಕಾಗಿದೆ. 2003ರಲ್ಲಿ ಚಿದಿಯಾನ್ ತಾಣವು ಸಾವಿರ ಅಕ್ಷರಗಳಿಗೆ ಇಷ್ಟೆಂದು ಓದುಗರಿಂದ ಚಿಲ್ಲರೆ ಹಣ ಪಡೆಯುವ ಕ್ರಮ ಆರಂಭಿಸಿತು. ಬರಹಗಾರ ದಿನವೂ ಬರೆಯಬೇಕು. ಕಥೆ ಮುಗಿದರೆ ಆದಾಯವೂ ಮುಗಿಯಿತು. ಆದ್ದರಿಂದಲೇ ಒಂದು ಲೋಕದ ಮೇಲೆ ಇನ್ನೊಂದು ಲೋಕ, ಒಬ್ಬಳ ಬಳಿಕ ಇನ್ನೊಬ್ಬಳು. ಹೆಣ್ಣು ಇಲ್ಲಿ ಅಧ್ಯಾಯ ಲಂಬಿಸುವ ಸಾಧನವಾಗಿಬಿಟ್ಟಳು. ಬರಹಗಾರನಾದರೂ ಸುಖಿಯೇ? ಹಕ್ಕುಸ್ವಾಮ್ಯ ಕಸಿಯುವ ಕರಾರಿನ ವಿರುದ್ಧ 2020ರ ಮೇ 5ರಂದು ಬರಹಗಾರರು ಹೊಸ ಅಧ್ಯಾಯ ಪ್ರಕಟಿಸದೆ ಪ್ರತಿಭಟಿಸಿದರು. ಲೋಕಗಳನ್ನೇ ಗೆಲ್ಲುವ ನಾಯಕನನ್ನು ಸೃಷ್ಟಿಸಿದವರು ಸ್ವಂತ ಕೃತಿಯ ಹಕ್ಕಿಗಾಗಿ ಅಂಗಲಾಚಬೇಕಾಯಿತು!

ಹಾಗಾದರೆ ನಿಷೇಧ ಪರಿಹಾರವೇ? 2014ರಲ್ಲಿ ಚೀನಾ ಸರಕಾರ ಅಂತರ್ಜಾಲ ಶುದ್ಧೀಕರಣ ಅಭಿಯಾನ ನಡೆಸಿತು. ಅಶ್ಲೀಲ ಪುಟಗಳು ಅಳಿದವು. ಹೆಣ್ಣನ್ನು ಬಹುಮಾನವಾಗಿ ಕಾಣುವ ದೃಷ್ಟಿ ಹಾಗೆಯೇ ಉಳಿಯಿತು. ಬದಲಾವಣೆ ಬಂದರೆ ಓದುಗರಿಂದಲೇ ಬರಬೇಕು. ಹೆಚ್ಚಾಗಿ ಮಹಿಳೆಯರೇ ಬರೆದು ಓದುವ ಜಿನ್‌ಜಿಯಾಂಗ್ ತಾಣದಲ್ಲಿ ‘ಒಬ್ಬನಿಗೆ ಒಬ್ಬಳು’ ಎಂಬ ಸೂಚನೆಯನ್ನು ಕಥೆಗೆ ಲಗತ್ತಿಸುವ ರೂಢಿಯಿದೆ. ಓದುಗರು ಬೇಡವೆನ್ನಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಅವಮಾನಿತ ಯುವಕನ ಸಿಟ್ಟು ಸುಳ್ಳಲ್ಲ. ಆದರೆ ಅವಮಾನಕ್ಕೆ ಉತ್ತರ ನ್ಯಾಯವೇ ಅಥವಾ ಇತರರನ್ನು ಅವಮಾನಿಸುವ ಅಧಿಕಾರ ತನ್ನ ಕೈಗೆ ಬರುವುದೇ? ಈ ಕಾದಂಬರಿಗಳು ಎರಡನೆಯದನ್ನು ಕಲಿಸುತ್ತಿವೆ. ಮುಂದಿನ ಅಧ್ಯಾಯಕ್ಕೆ ಹಣ ತೆರುವ ಮುನ್ನ ಓದುಗರು ಈ ಪ್ರಶ್ನೆಯನ್ನು ತಮ್ಮಲ್ಲೇ ಕೇಳಿಕೊಳ್ಳಲಿ.